ಅಡ್ಡ ಪೈಪು

ಕೆಸರಕ್ಕನ ಕೈ ನೋಡಿದವರು ಎರಡನೇ ಸಲ ನೋಡುತ್ತಿರಲಿಲ್ಲ. ಬೆರಳ ಸಂದಿಯಲ್ಲೆಲ್ಲ ಉಪ್ಪು ತಿಂದ ಬಿರುಕು. ಉಗುರಿನ ಸುತ್ತ ಯಾವ ಸೋಪಿಗೂ ಹೋಗದ ಎಣ್ಣೆಯ ಕಪ್ಪು. ಕಂಪನಿ ಕೊಟ್ಟ ರಬ್ಬರ್ ಕೈಗವಸು ತಿಂಗಳೊಳಗೆ ಹರಿಯುತ್ತಿತ್ತು, ಹೊಸದು ಬರುತ್ತಿದ್ದುದು ವರ್ಷಕ್ಕೊಮ್ಮೆ. ಉಳಿದ ಹನ್ನೊಂದು ತಿಂಗಳು ಬರಿಗೈ. ಮನೆಯಲ್ಲಿ ಅವಳು ಚಮಚದಲ್ಲಿ ಉಣ್ಣುತ್ತಿದ್ದಳು. ಸೊಗಸಿಗಲ್ಲ, ಖಾರ ತಾಗಿದರೆ ಬಿರುಕು ಉರಿಯುತ್ತಿತ್ತು.

ನಾನು ಅದೇ ಎಣ್ಣೆ ಕಂಪನಿಯ ಅಂಗಳದಲ್ಲಿ ಪಂಪು, ವಾಲ್ವು ನೋಡಿಕೊಳ್ಳುವವನು. ಹನ್ನೆರಡು ವರ್ಷ ಅವಳ ಪಕ್ಕದಲ್ಲೇ ದುಡಿದಿದ್ದೇನೆ. ಆದ್ದರಿಂದ ಇದನ್ನು ನಾನೇ ಹೇಳಬೇಕು. ಇದರಲ್ಲಿ ನನ್ನ ತಪ್ಪೂ ಇದೆ.

ಎಣ್ಣೆಬಾವಿಯಲ್ಲಿ ನೆಲದಡಿಯಿಂದ ಎಣ್ಣೆಯೊಂದೇ ಮೇಲೆ ಬರುವುದಿಲ್ಲ. ಜೊತೆಗೆ ನೀರು ಬರುತ್ತದೆ. ಎಣ್ಣೆಗಿಂತ ನಾಲ್ಕು ಪಟ್ಟು ನೀರು, ಸಮುದ್ರಕ್ಕಿಂತ ಹೆಚ್ಚು ಉಪ್ಪು. ಎಣ್ಣೆಯನ್ನು ಕಂಪನಿ ಮಾರುತ್ತದೆ. ನೀರು ನಮ್ಮ ಅಂಗಳಕ್ಕೆ ಬರುತ್ತದೆ. ಮೇಲೆ ತೇಲುವ ಎಣ್ಣೆಯನ್ನು ಹಾಲಿನ ಕೆನೆಯಂತೆ ತೆಗೆಯಬಹುದು, ನೀರಲ್ಲಿ ಬೆರೆತು ಕೂತದ್ದನ್ನು ತೆಗೆಯಲಾಗದು. ಅದನ್ನು ತಿನ್ನುವ ಜೀವಾಣುಗಳಿವೆ, ಕಣ್ಣಿಗೆ ಕಾಣದಂಥವು. ನಾಲ್ಕು ದೊಡ್ಡ ಟ್ಯಾಂಕುಗಳಲ್ಲಿ ಅವನ್ನು ಸಾಕುತ್ತಿದ್ದೆವು. ಅವು ಎಣ್ಣೆ ತಿಂದು ಮುಗಿಸಿದ ನೀರು ಸೋಸುವ ಮಿಷನ್ನಿಗೆ ಹೋಗಿ, ಅಲ್ಲಿ ಉಪ್ಪು ಕಳೆದುಕೊಂಡು ಕಾಲುವೆಗೆ ಸೇರುತ್ತಿತ್ತು. ಕಾಲುವೆಯ ದಂಡೆಯಲ್ಲೇ ಕಂಪನಿ ಕೆಲಸಗಾರರಿಗೆ ಕೊಟ್ಟ ನಮ್ಮ ಲೈನ್ ಮನೆಗಳು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಸೊಪ್ಪಿನ ಮಡಿಗೆ ನೀರು ಹಾಯಿಸುವುದು, ಎಲ್ಲ ಅದರಲ್ಲೇ.

ಮೊದಮೊದಲು ಕಂಪನಿ ಎಲ್ಲಿಂದಲೋ ಜೀವಾಣುವಿನ ಪುಡಿ ತರಿಸಿತ್ತು. ನಮ್ಮ ನೀರಿನ ಉಪ್ಪಿಗೆ ಅವು ಎರಡೇ ದಿನದಲ್ಲಿ ಸತ್ತವು. ಎಂಜಿನಿಯರುಗಳು ತಲೆ ಮೇಲೆ ಕೈಹೊತ್ತು ಕೂತರು. ಆಗ ಅಂಗಳ ಗುಡಿಸುತ್ತಿದ್ದ ಈ ಹೆಂಗಸು ಒಂದು ಮಾತು ಹೇಳಿದಳು. ಬೇಲಿಯಾಚೆ ಒಂದು ಹಳೇ ಗುಂಡಿ ಇದೆ, ಅದರ ಮೇಲಿನ ಎಣ್ಣೆ ಯಾರೂ ಮುಟ್ಟದೆ ತಿಂಗಳು ತಿಂಗಳೂ ಕಮ್ಮಿಯಾಗ್ತಿದೆ, ಅಲ್ಲಿ ತಿನ್ನೋರು ಯಾರೋ ಇರಬೇಕು ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳೇ ಇಳಿದು ತಳದ ಕೆಸರು ತಂದಳು. ಬಕೆಟ್ಟಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಟ್ಯಾಂಕಿಗೆ, ದಿನಕ್ಕಿಷ್ಟಿಷ್ಟೇ ಬಾವಿಯ ನೀರು ಕುಡಿಸುತ್ತ, ಮೂರು ತಿಂಗಳಲ್ಲಿ ನಾಲ್ಕೂ ಟ್ಯಾಂಕು ಬದುಕಿಸಿದಳು. ಆಗಿನ ದೊಡ್ಡ ಎಂಜಿನಿಯರಿಗೆ ಪ್ರಶಸ್ತಿ ಬಂತು, ಬಡ್ತಿಯೂ ಬಂತು. ಅವಳಿಗೆ ಸಿಕ್ಕಿದ್ದು ಕೆಸರಕ್ಕ ಅನ್ನುವ ಹೆಸರು.

ಅವಳು ಜೀವಾಣುಗಳನ್ನು ಅಳಿಯಂದಿರು ಎನ್ನುತ್ತಿದ್ದಳು. ಮಗಳಿಗಿನ್ನೂ ಮದುವೆಯಿಲ್ಲ, ನನಗಾಗಲೇ ಕೋಟಿ ಅಳಿಯಂದಿರು ಎಂದು ನಗುತ್ತಿದ್ದಳು. ಕೂತಲ್ಲೇ ತಿನ್ನುತ್ತಾರೆ, ಉಪ್ಪು ಒಂದು ಚೂರು ಹೆಚ್ಚಾದರೆ ಮುನಿಸಿಕೊಳ್ಳುತ್ತಾರೆ, ಸೆಕೆ ಅಂದರೆ ಗಾಳಿ ಬೀಸಬೇಕು. ಮಾತು ತಮಾಷೆಯದಾದರೂ ಲೆಕ್ಕಾಚಾರ ಪಕ್ಕಾ. ನೊರೆಯ ಬಣ್ಣ ನೋಡಿ, ನೀರು ಮೂಸಿ, ಯಾವ ಟ್ಯಾಂಕಿಗೆ ಏನು ಬೇಕೆಂದು ಹೇಳುತ್ತಿದ್ದಳು. ಪ್ರಯೋಗಾಲಯದ ವರದಿ ಮಾರನೇ ದಿನ ಅದನ್ನೇ ಹೇಳುತ್ತಿತ್ತು.

ಹೋದ ವರ್ಷ ಹೊಸ ಮ್ಯಾನೇಜರು ಬಂದರು. ಬಂದ ತಿಂಗಳಲ್ಲೇ ಎರಡು ಹುಕುಂ. ಅಳಿಯಂದಿರ ಉಸಿರಿಗೆಂದು ಟ್ಯಾಂಕಿಗೆ ಗಾಳಿ ಊದುವ ಮಿಷನ್ನು ದಿನಕ್ಕೆ ಅರ್ಧ ಹೊತ್ತು ಬಂದ್, ಕರೆಂಟು ಉಳಿಯಲಿ ಅಂತ. ಹೊಸ ಬಾವಿಗಳ ನೀರು ನೇರವಾಗಿ ಟ್ಯಾಂಕಿಗೆ. ಆ ನೀರಿನ ಉಪ್ಪು ಹಳೆಯದರ ಎರಡರಷ್ಟು. ಕೆಸರಕ್ಕ ಅವರ ಕೋಣೆಯ ಬಾಗಿಲಲ್ಲಿ ನಿಂತು, ಒಂದೇ ಸಲ ಬೇಡ, ಎರಡು ತಿಂಗಳು ಕೊಡಿ, ನಿಧಾನಕ್ಕೆ ರೂಢಿ ಮಾಡಿಸ್ತೀನಿ ಅಂದಳು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಗುಡಿಸುವವಳು ಯಾವ ಕಾಲೇಜಿನಲ್ಲಿ ಓದಿದ್ದು ಎಂದು ಪಕ್ಕದಲ್ಲಿದ್ದ ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಅವಳ ಒಡಹುಟ್ಟಿದ ತಮ್ಮ. ಅವನು ತಲೆ ತಗ್ಗಿಸಿದ.

ನಾಲ್ಕನೇ ದಿನ ಟ್ಯಾಂಕುಗಳು ಕಪ್ಪಾದವು. ಕೊಳೆತ ಮೊಟ್ಟೆಯ ವಾಸನೆ ಗೇಟಿನವರೆಗೆ ಬಂತು. ಅಳಿಯಂದಿರೆಲ್ಲ ಸತ್ತಿದ್ದರು. ಎಣ್ಣೆ ತಿನ್ನುವವರಿಲ್ಲದೆ ಸೋಸುವ ಮಿಷನ್ನೂ ಕಟ್ಟಿಕೊಂಡಿತು. ಬಾವಿ ನಿಲ್ಲಿಸಬೇಕಿತ್ತು. ಮ್ಯಾನೇಜರು ನಿಲ್ಲಿಸಲಿಲ್ಲ.

ನಮ್ಮ ಅಂಗಳದಲ್ಲಿ ಒಂದು ಅಡ್ಡ ಪೈಪು ಇದೆ. ಯಾವ ಟ್ಯಾಂಕನ್ನೂ ಮುಟ್ಟದೆ ನೀರನ್ನು ನೇರ ಕಾಲುವೆಗೆ ಬಿಡುವಂಥದ್ದು. ಅದರ ಚಕ್ರ ತಿರುಗಿಸು ಎಂದು ನನಗೆ ಹೇಳಿದರು. ನಾನು ತಿರುಗಿಸಿದೆ. ಹುಕುಂ ಅವರದು, ಕೈ ಮಾತ್ರ ನನ್ನದು ಎಂದು ನನಗೆ ನಾನೇ ಹೇಳಿಕೊಂಡೆ.

ವಾರದೊಳಗೆ ಸೊಪ್ಪಿನ ಮಡಿ ಸುಟ್ಟಂತೆ ಬಾಡಿತು. ಬಟ್ಟೆ ಒಗೆಯುವ ಹೆಂಗಸರಿಗೆ ಮೊಣಕಾಲಿನ ತನಕ ಗುಳ್ಳೆ ಎದ್ದವು. ನನ್ನ ಹೆಂಡತಿಗೂ ಎದ್ದವು. ಕಾಲುವೆಗೆ ಏನು ಬಂದಿದೆ ಎಂದು ಅವಳು ಕೇಳಿದಳು. ಗೊತ್ತಿಲ್ಲ ಅಂದೆ. ಮುಲಾಮು ಹಚ್ಚಿಕೊಟ್ಟೆ.

ದಂಡೆಯ ಹೆಂಗಸರು ದೂರು ಕೊಟ್ಟರು. ತಪಾಸಣೆಗೆ ಸರ್ಕಾರಿ ಅಧಿಕಾರಿ ಬರುತ್ತಾರೆಂದು ಗೊತ್ತಾದ ಕೂಡಲೇ ಮ್ಯಾನೇಜರು ಒಂದು ಕಾಗದ ಟೈಪು ಮಾಡಿಸಿದರು. ತೊಳೆಯುವ ಆಸಿಡ್ಡನ್ನು ಗುತ್ತಿಗೆ ಕೆಲಸದ ಹೆಂಗಸೊಬ್ಬಳು ತಪ್ಪಿ ಟ್ಯಾಂಕಿಗೆ ಸುರಿದಳು, ಜೀವಾಣು ಸತ್ತದ್ದು ಅದರಿಂದ ಎಂದು. ಅದನ್ನು ಕೆಸರಕ್ಕನ ಸಹಿಗೆ ತಂದವನು ಅವಳ ತಮ್ಮನೇ. ನಾನು ಪಂಪಿನ ಶೆಡ್ಡಿನಲ್ಲಿದ್ದೆ, ಅವರಿಬ್ಬರು ಹೊರಗೆ ಕಟ್ಟೆಯ ಮೇಲೆ.

ಸಹಿ ಹಾಕಿದರೆ ಅವಳ ಕೆಲಸ ಹೋಗುವುದಿಲ್ಲ, ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಮಗಳಿಗೆ ಪ್ರಯೋಗಾಲಯದಲ್ಲಿ ಕಾಯಂ ಕೆಲಸ ಎಂದು ಅವನು ಹೇಳಿದ. ಹಾಕದಿದ್ದರೆ ಮನೆ ಖಾಲಿ ಮಾಡಬೇಕಾಗುತ್ತದೆ, ತನ್ನ ಮೇಸ್ತ್ರಿಕೆಯೂ ಹೋಗುತ್ತದೆ ಎಂದ. ಕೆಸರಕ್ಕ ಕಾಗದವನ್ನು ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದಳು.

"ಒಂದು ಸಹಿ ಅಕ್ಕ. ಯಾರೂ ಸತ್ತಿಲ್ವಲ್ಲ."

"ನಾನು ಸಾಕಿದ್ದನ್ನ ನಾನೇ ಕೊಂದೆ ಅಂತ ಬರೆದುಕೊಡ್ಲಾ?" ಅವಳ ದನಿ ಏರಲಿಲ್ಲ. "ನಿನಗೆ ಅನ್ನ ಹಾಕಿದ ಕೈ ಇದು. ಇದನ್ನ ಹಿಡಿದು ಸುಳ್ಳು ಬರೆಸ್ತೀಯಾ, ಬರೆಸು ನೋಡೋಣ."

ಅವನು ಕಾಗದ ಮಡಚಿಕೊಂಡು ಎದ್ದುಹೋದ. ಹೋಗುವಾಗ ಎರಡು ಸಲ ಎಡವಿದ.

ಶೆಡ್ಡಿನೊಳಗೆ ನಾನು ಎಲ್ಲ ಕೇಳಿಸಿಕೊಂಡೆ. ಈ ಹೆಂಗಸು ಮಾಡದ ತಪ್ಪಿಗೆ ಸಹಿ ಹಾಕುವುದಿಲ್ಲ ಎನ್ನುತ್ತಿದ್ದಾಳೆ. ಮಾಡಿದ ನಾನು ಗೋಡೆಯ ಮರೆಯಲ್ಲಿ ನಿಂತಿದ್ದೇನೆ.

ಮಾರನೇ ದಿನ ಹನ್ನೊಂದು ಗಂಟೆಗೆ ಅಧಿಕಾರಿ ಬಂದರು. ಮ್ಯಾನೇಜರು ಅವರನ್ನು ಟ್ಯಾಂಕಿನ ಕಡೆ ತರದೆ ಎ.ಸಿ. ಕೋಣೆಯಲ್ಲೇ ಕೂರಿಸಿದರು. ಬಾಟಲಿಯಲ್ಲಿ ತಿಳಿನೀರು ತೋರಿಸಿದರು. ಅದು ಮ್ಯಾನೇಜರ ಮನೆಯ ನಲ್ಲಿಯ ನೀರು ಎಂದು ಅವರ ಡ್ರೈವರು ಆಮೇಲೆ ಹೇಳಿದ. ಅಧಿಕಾರಿ ಹೊರಟು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಕೆಸರಕ್ಕ ಅಡ್ಡ ಬಂದು ನಿಂತಳು. ಅವಳ ಹಿಂದೆ ದಂಡೆಯ ಹೆಂಗಸರು, ನಲವತ್ತಕ್ಕೂ ಮೇಲೆ. ಗೇಟಿನ ಕಾವಲುಗಾರ ಗೇಟು ಹಾಕುವುದನ್ನೇ ಮರೆತಿದ್ದನೋ, ಬೇಕೆಂದೇ ಮರೆತನೋ, ಇವತ್ತಿಗೂ ಅವನು ಹೇಳುವುದಿಲ್ಲ.

ಮ್ಯಾನೇಜರು, ಆಸಿಡ್ ಸುರಿದವಳು ಇವಳೇ ಎಂದು ಅಧಿಕಾರಿಗೆ ಹೇಳಿದರು. ಆಗ ನನ್ನ ಕಾಲು ತಾನಾಗಿ ಮುಂದೆ ಹೋಯಿತು.

"ಆಸಿಡ್ ಯಾರೂ ಸುರಿದಿಲ್ಲ ಸಾರ್. ಗಾಳಿ ನಿಲ್ಲಿಸಿದ್ರು, ಉಪ್ಪು ತುಂಬಿದ್ರು, ಅದಕ್ಕೇ ಸತ್ವು. ಕಾಲುವೆಗೆ ನೀರು ಬಿಟ್ಟಿದ್ದು ಅಡ್ಡ ಪೈಪಿನಿಂದ. ಚಕ್ರ ತಿರುಗಿಸಿದ್ದು ನಾನು, ಇವರ ಮಾತಿಗೆ. ಬನ್ನಿ, ತೋರಿಸ್ತೀನಿ. ಈಗಲೂ ಹರೀತಾ ಇದೆ."

ಗುಂಪಿನಲ್ಲಿ ನನ್ನ ಹೆಂಡತಿಯೂ ಇದ್ದಳು. ಅವಳು ನನ್ನನ್ನು ನೋಡಿದ ನೋಟ ಇರಲಿ, ಅದು ನನಗೂ ಅವಳಿಗೂ ಸೇರಿದ್ದು. ಅಧಿಕಾರಿ ಗಡಿಯಾರ ನೋಡಿಕೊಂಡು, ಆಫೀಸಿಗೆ ಹೋಗಿ ಬರೆಯುತ್ತೇನೆ ಅಂದರು. ಕೆಸರಕ್ಕ ನನ್ನ ಶೆಡ್ಡಿನ ಕುರ್ಚಿ ತಂದು ಅಡ್ಡ ಪೈಪಿನ ಪಕ್ಕ ಹಾಕಿದಳು. ಸೆರಗಿನಿಂದ ಅದರ ಧೂಳು ಒರೆಸಿದಳು.

"ಕೂತ್ಕೊಂಡು ಬರೀರಿ ಸಾರ್. ನಾವು ನಿಂತಿರ್ತೀವಿ."

ಅವರು ಬಂದು ಕೂತು ವರದಿ ಬರೆದರು. ಎಣ್ಣೆಯ ನೀರು ಅವರ ಬೂಟಿನ ಹತ್ತಿರವೇ ಹರಿಯುತ್ತಿತ್ತು. ನಾನು ಚಕ್ರವನ್ನು ಹಿಂದಕ್ಕೆ ತಿರುಗಿಸಿ ಮುಚ್ಚಿದೆ. ಅಧಿಕಾರಿ ಅದಕ್ಕೆ ಸರಪಳಿ ಬಿಗಿದು ಅರಗಿನ ಮುದ್ರೆ ಹಾಕಿದರು. ಸಂಜೆಯೊಳಗೆ ನೀರು ಹೋಗಲು ಜಾಗವಿಲ್ಲದೆ ಬಾವಿಗಳು ಒಂದೊಂದಾಗಿ ನಿಂತವು. ಆ ಸದ್ದಿಲ್ಲದ ಸಂಜೆಯನ್ನು ನಾವು ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ.

ಮೂರನೇ ದಿನ ಕೆಸರಕ್ಕನಿಗೆ ವಜಾ ಪತ್ರ ಬಂತು. ಅನುಮತಿಯಿಲ್ಲದೆ ಅಧಿಕಾರಿಯ ಜೊತೆ ಮಾತಾಡಿದ್ದಕ್ಕೆ. ನನಗೆ ಅಮಾನತು. ಕಂಪನಿ ಮತ್ತೆ ಜೀವಾಣುವಿನ ಪುಡಿ ತರಿಸಿ ಸುರಿಯಿತು, ಅವೂ ಸತ್ತವು. ನಿನ್ನ ಅಕ್ಕನ ವಿದ್ಯೆ ನಿನಗೂ ಗೊತ್ತಿರಬೇಕು, ನೀನೇ ಮಾಡು ಎಂದು ಮ್ಯಾನೇಜರು ಮೇಸ್ತ್ರಿಗೆ ಹೇಳಿದರು. ಅವನಿಗೆ ಅರ್ಧ ಗೊತ್ತಿತ್ತು. ಗೊತ್ತಿಲ್ಲ ಅಂದ. ಮೇಸ್ತ್ರಿಕೆಯ ಶೀಟಿಯನ್ನು ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಹೊರಗೆ ಬಂದ. ಅಕ್ಕನ ಮನೆಯೊಳಗೆ ಹೋಗಲು ಮುಖವಿಲ್ಲದೆ ಬಾಗಿಲ ಹೊರಗೆ ಕೂತಿದ್ದವನನ್ನು ಅವಳೇ ಊಟಕ್ಕೆ ಕರೆದಳು.

ಒಂಬತ್ತನೇ ದಿನ ಮ್ಯಾನೇಜರ ಕಾರು ಲೈನ್ ಮನೆಗಳ ಮುಂದೆ ನಿಂತಿತು. ವಜಾ ವಾಪಸು, ಅಮಾನತು ವಾಪಸು, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದರು. ಕೆಸರಕ್ಕ ಬಾಗಿಲಲ್ಲೇ ನಿಂತು, ಗಾಳಿ ಮಿಷನ್ನು ಇನ್ನು ಒಂದು ಗಳಿಗೆಯೂ ನಿಲ್ಲಬಾರದು, ಆಸಿಡ್ಡಿನ ಕಾಗದ ಸುಳ್ಳೆಂದು ಬರೆದು ಗೇಟಿಗೆ ಅಂಟಿಸಬೇಕು ಅಂದಳು. ಅವರು ಒಪ್ಪಿದರು. ಆಮೇಲೆ ಅವಳು ಕೊನೆಯದನ್ನು ಹೇಳಿದಳು.

"ಅಡ್ಡ ಪೈಪು ಕತ್ತರಿಸಿ ಬಾಯಿಗೆ ಬೆಸುಗೆ ಹಾಕ್ಸಿ. ನಮ್ಮೆಲ್ಲರ ಮುಂದೆ."

ಮುದ್ರೆ ಹಾಕಿದ್ದಾರಲ್ಲ, ಸಾಲದೇ ಎಂದು ಅವರು ಕೇಳಿದರು. ಅರಗು ಒಂದು ಬೆಂಕಿಕಡ್ಡಿಗೂ ಕರಗುತ್ತದೆ ಎಂದಳು ಅವಳು. ಮೊದಲು ಕೆಲಸ ಶುರುವಾಗಲಿ, ಬೆಸುಗೆ ಆಮೇಲೆ ನೋಡೋಣ ಎಂದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾರು ಅರ್ಧ ಗಂಟೆ ಅಲ್ಲೇ ನಿಂತಿತ್ತು.

ಮಾರನೇ ಬೆಳಿಗ್ಗೆ ವೆಲ್ಡಿಂಗಿನವನು ಬಂದ. ಲೈನ್ ಮನೆಗಳ ಜನ ಪೂರ್ತಿ ಅಂಗಳದಲ್ಲಿತ್ತು, ಸೊಂಟದ ಮೇಲೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರೂ ಇದ್ದರು. ಮ್ಯಾನೇಜರು ಕಚೇರಿಯ ಕಿಟಕಿಯಿಂದ ನೋಡುತ್ತಿದ್ದರು. ವೆಲ್ಡಿಂಗಿನವನು ಕತ್ತರಿಸಿದ ಪೈಪಿನ ಬಾಯಿಗೆ ಕಬ್ಬಿಣದ ಬಿಲ್ಲೆ ಒತ್ತಿ ಹಿಡಿದು, ಈ ಬೆಳಕನ್ನು ಬರಿಗಣ್ಣಲ್ಲಿ ನೋಡಬೇಡಿ, ಆ ಕಡೆ ತಿರುಗಿ ಎಂದು ಎಲ್ಲರಿಗೂ ಹೇಳಿದ.

ಯಾರೂ ತಿರುಗಲಿಲ್ಲ.