ತೂಬಿನ ಕುಲದ ಬಾಯಿ

ನಮ್ಮ ಕುಲದವರಷ್ಟು ಮಂಕುಗಳು ಈ ಬೆಂಗಳೂರಿನಲ್ಲಿ ಇನ್ಯಾರೂ ಇಲ್ಲ. ಯಾರಿಗೆ ಬೇಕಾದರೂ ಬೇಜಾರಾಗಲಿ, ನಾನು ಹೇಳುವುದೇ ಹಾಗೆ.

ಊರು ಕಟ್ಟಿದ ಕಾಲಕ್ಕೆ ಇಲ್ಲಿ ನಾಲ್ಕು ಕುಲಗಳು ದುಡಿದವು. ಕೆರೆಗಳಿಗೆ ಏರಿ ಹಾಕಿದ್ದು ಏರಿಕುಲ. ಊರಿನ ಎಲ್ಲೆ ಕಾದದ್ದು ಗಡಿಕುಲ. ಬೀದಿಗೆ ದೀಪ ಹಚ್ಚಿದ್ದು ಬತ್ತಿಕುಲ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕೆಂದು ನೋಡಿಕೊಂಡದ್ದು ನಮ್ಮ ತೂಬಿನ ಕುಲ. ಅದಕ್ಕೇ ಚಾಮರಾಜಪೇಟೆಯ ಕುಲಸಭೆಯಲ್ಲಿ ಕುಲಕ್ಕೊಂದು ಪೀಠ. ರಾಜರು ಹೋದರು, ಬ್ರಿಟಿಷರು ಹೋದರು, ವೋಟು ಬಂತು, ಕುಲಸಭೆ ಮಾತ್ರ ಹೋಗಲಿಲ್ಲ. ಪೀಠದಲ್ಲಿ ಕೂತವರನ್ನು ಕುಲದ ಬಾಯಿ ಅನ್ನುತ್ತಿದ್ದೆವು. ಕೆರೆಯ ವಿಷಯಕ್ಕೆ ನಮ್ಮ ಬಾಯಿ 'ಬೇಡ' ಎಂದರೆ ಮಂತ್ರಿಯೂ ಮುಟ್ಟುವ ಹಾಗಿರಲಿಲ್ಲ. ಆದರೆ ಬಾಯಿ ಸಭೆಗೆ ಬಾರದಿದ್ದರೆ, ಬಂದೂ ಸುಮ್ಮನಿದ್ದರೆ, ಅದು ಒಪ್ಪಿಗೆ.

ಮಿಕ್ಕ ಕುಲಗಳು ಒಂದೊಂದಾಗಿ ಮುಗಿದವು. ಕರೆಂಟು ಬಂದ ಮೇಲೆ ಬತ್ತಿಕುಲವನ್ನು ಕೇಳುವವರಿರಲಿಲ್ಲ. ಏರಿಕುಲದವರು ಕಂಟ್ರಾಕ್ಟರುಗಳಾಗಿ ಬಸವನಗುಡಿಯಲ್ಲಿ ಬಂಗಲೆ ಕಟ್ಟಿಸಿಕೊಂಡು ಬಾಯಿ ಹೊಲಿದುಕೊಂಡರು. ಗಡಿಕುಲದ ಯಜಮಾನ ಸತ್ತಾಗ ಹೆಣ ಎತ್ತುವ ಮೊದಲೇ ಯಾರೋ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು, ಜಾಗ ಬಿಟ್ಟುಕೊಡಲು ಅವನು ಬದುಕಿದ್ದಾಗಲೇ ಒಪ್ಪಿದ್ದ ಅಂದರು. ಗಡಿಯ ಜಾಗವೆಲ್ಲ ಹೋಯಿತು. ಉಳಿದವರು ನಾವೊಬ್ಬರೇ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ನಮ್ಮ ಬಾಯಿ ನನ್ನ ಅಕ್ಕ ಸಿದ್ದಮ್ಮ. ಶ್ರೀರಾಂಪುರದ ಹಿಂದೆ, ಬೆಳ್ಳಕ್ಕಿ ಕೆರೆಯ ಏರಿ ಕೆಳಗೆ ನಮ್ಮ ಕೇರಿ. ಆ ಕೆರೆ ಒಡೆದು, ಮಣ್ಣು ತುಂಬಿ, ಬಸ್ ಡಿಪೋ ಕಟ್ಟುತ್ತೇವೆಂದು ಸಭೆಯ ಅಧ್ಯಕ್ಷ ಶ್ರೀನಿವಾಸಯ್ಯ ಹಟ ಹಿಡಿದಿದ್ದ. ಕೆರೆ ಹೋದರೆ ಕೇರಿಯೂ ಹೋಗುತ್ತಿತ್ತು. ಅಕ್ಕ ಸಭೆಗೆ ಹೋಗಿ 'ಬೇಡ' ಅನ್ನಬೇಕು, ಅಷ್ಟೇ ಕೆಲಸ.

ಸಭೆಯ ದಿನ ಬೆಳಿಗ್ಗೆ ಭಾವ ಸತ್ತರು.

ಲಕ್ಷ್ಮಯ್ಯ ಭಾವನಿಗೆ ಗಿರಣಿಯ ಹತ್ತಿ ಧೂಳು ಕುಡಿದು ಎದೆ ಹಾಳಾಗಿತ್ತು. ನಾನು ಒಲೆ ಹಚ್ಚುತ್ತಿದ್ದೆ, ಅಕ್ಕ ಅವರ ಬೆನ್ನು ನೀವುತ್ತಿದ್ದಳು. ಕೆಮ್ಮು ನಿಂತಿತು. ಉಸಿರೂ ನಿಂತಿತು. ಅಯ್ಯೋ, ಇವತ್ತೇ ಹೋಗಬೇಕಾಗಿತ್ತಾ ಈ ಮನುಷ್ಯ ಎಂದು ನನಗೆ ಮೊದಲು ಬಂದದ್ದು ಸಿಟ್ಟು. ಅಳು ಆಮೇಲೆ ಬಂತು.

ಸಿಟ್ಟಿಗೆ ಕಾರಣವಿತ್ತು. ನಮ್ಮಲ್ಲಿ ಗಂಡ ಸತ್ತರೆ ಹೆಂಡತಿ, ಹೆಂಡತಿ ಸತ್ತರೆ ಗಂಡ, ಚಿಟಿಕೆ ಕೆರೆಮಣ್ಣು ನಾಲಗೆಗಿಟ್ಟುಕೊಂಡು ಮೂರನೇ ದಿನದ ತನಕ ಮಾತು ಬಿಡಬೇಕು. ಇದಕ್ಕೆ ತೂಬು ಮುಚ್ಚೋದು ಅನ್ನುತ್ತಾರೆ. ಸತ್ತವರ ಉಸಿರು ನಿಂತ ಗಳಿಗೆಯಿಂದ ಉಳಿದವರು ಏನೇ ಆಡಿದರೂ ಅದು ಸತ್ತವರ ಮಾತು, ಬದುಕಿದವರ ಲೆಕ್ಕಕ್ಕೆ ಬರುವುದಿಲ್ಲ. ಆ ಮಧ್ಯೆ ಬೇರೆ ಬಾಯಿಯನ್ನು ಪೀಠದಲ್ಲಿ ಕೂರಿಸುವ ಹಾಗೂ ಇಲ್ಲ. ಕುಲಸಭೆಯ ಕಟ್ಟಳೆಯಲ್ಲೂ ಇದೇ ಇತ್ತು.

ಅಕ್ಕ ಗೂಡಿನಲ್ಲಿದ್ದ ಮಣ್ಣಿನ ಕುಡಿಕೆಗೆ ಕೈ ಹಾಕಿದಳು. ಹಾಕಿದವಳು ಹಾಗೇ ನಿಂತಳು. ಆಮೇಲೆ ಕೈ ಹಿಂದಕ್ಕೆ ತೆಗೆದಳು.

"ಅಂಜೀ, ಬಾಗಿಲು ಹಾಕು," ಎಂದಳು.

ಹಾಕಿದೆ. ಅಕ್ಕ ಭಾವನಿಗೆ ಕಂಬಳಿ ಹೊದಿಸಿ, ಮಲಗಿರುವವರ ಹಾಗೆ ಪಕ್ಕಕ್ಕೆ ತಿರುಗಿಸಿದಳು. ಮುಖ ತೊಳೆದುಕೊಂಡು, ಕುಂಕುಮ ಇಟ್ಟುಕೊಂಡಳು.

"ಭಾವನ್ನ ಒಬ್ರನ್ನೇ ಬಿಟ್ಟು ಹೋಗ್ತೀಯಾ ಅಕ್ಕಾ?"

"ಕೆರೆ ಉಳಿಸ್ಕೊಂಡ್ ಬಂದು ಅಳ್ತೀನಿ ಕಣೇ. ಈಗ ಅಳೋಕೆ ಟೈಮಿಲ್ಲ."

ಹೊರಗೆ ಕುಲದ ಹಿರಿಯ ದೊಡ್ಡಬೈರಪ್ಪ ಕೇರಿಯವರನ್ನೆಲ್ಲ ಕಟ್ಟಿಕೊಂಡು ಕಾಯುತ್ತಿದ್ದರು. ಒಣಕಲು ಮೈ, ಬಿಳಿ ಮೀಸೆ. ಭಾವನ ಜೀವದ ಗೆಳೆಯ.

"ಲಕ್ಷ್ಮಯ್ಯ ಹೆಂಗವ್ನಮ್ಮಾ?"

"ಮಲಗವ್ರೆ ಬೈರಣ್ಣ. ಎಬ್ಬಿಸ್ಬೇಡಿ," ಎಂದಳು ಅಕ್ಕ.

ಓಕಳಿಪುರಂ ರೈಲ್ವೆ ಗೇಟು ದಾಟಿ ಚಾಮರಾಜಪೇಟೆಯವರೆಗೂ ನಡೆದೆವು. ಸಭೆಯಲ್ಲಿ ಶ್ರೀನಿವಾಸಯ್ಯ ಕನ್ನಡಕ ಏರಿಸಿ, ನಗುತ್ತಾ, "ತೂಬಿನ ಕುಲದವರು ಏನಂತೀರಮ್ಮಾ?" ಎಂದ. ಊರಿನ ಏಳಿಗೆ ಅಂತ ಮೊದಲೇ ಉದ್ದಕ್ಕೆ ಭಾಷಣ ಬಿಗಿದಿದ್ದ. ಅಕ್ಕ ಎದ್ದು ನಿಂತಳು.

"ಬೇಡ. ನಮ್ಮ ಕೆರೆ ಒಡೆಯೋಕೆ ನಾವು ಬಿಡಲ್ಲ."

ಅಷ್ಟೇ. ಅವನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ನಮ್ಮವರು ಅಕ್ಕನನ್ನು ಹೊತ್ತುಕೊಳ್ಳುವುದೊಂದು ಬಾಕಿ. ಕೇರಿಗೆ ಬರುವಾಗ ತಮಟೆ ಬಡಿಸಿದರು. ನಾನು ಒಳಗೊಳಗೇ ಹೆದರಿ ಸಾಯುತ್ತಿದ್ದೆ, ಆದರೂ ಖುಷಿಯಾಗಿದ್ದೆ. ಗೆದ್ದಿದ್ದೆವಲ್ಲ! ಇನ್ನು ಮನೆಗೆ ಹೋಗಿ, ಈಗಷ್ಟೇ ಹೋದರು ಎಂದು ಕೂಗಿಕೊಂಡರೆ ಮುಗಿಯಿತು ಎಂದುಕೊಂಡಿದ್ದೆ.

ಅಷ್ಟರಲ್ಲಿ ಬೈರಪ್ಪನವರು ಗೆಳೆಯನಿಗೆ ತಾವೇ ಸುದ್ದಿ ಹೇಳುತ್ತೇನೆಂದು ನಮಗಿಂತ ಮೊದಲು ಒಳಗೆ ನುಗ್ಗಿಬಿಟ್ಟರು. ಓಡಿಹೋಗಿ ನೋಡಿದರೆ ಭಾವನ ಕೈ ಅವರ ಕೈಯಲ್ಲಿತ್ತು. ಹೆಣ ಸೆಟೆದುಹೋಗಿತ್ತು. ಇಷ್ಟು ವರ್ಷ ಕೇರಿಯ ಹೆಣ ಹೊತ್ತ ಮನುಷ್ಯನಿಗೆ, ಸತ್ತು ತುಂಬಾ ಹೊತ್ತಾಗಿದೆಯೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗಮ್ಮಾ?"

"ಬೆಳಿಗ್ಗೆ," ಎಂದಳು ಅಕ್ಕ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಕುಡಿಕೆ ತೆಗೆದು ಮಣ್ಣು ನಾಲಗೆಗಿಟ್ಟುಕೊಂಡು, ಗಂಡನ ಕಾಲ ಹತ್ತಿರ ಕುಸಿದು ಕೂತಳು.

ಬೈರಪ್ಪನವರು ತುಂಬಾ ಹೊತ್ತು ಅತ್ತರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ಕೇಳಿದೆ.

"ಸಭೆಗೆ. ಹೇಳ್ಬೇಕು."

ನಾನು ಬಾಗಿಲಿಗೆ ಅಡ್ಡ ನಿಂತೆ. "ನಿಮಗೆ ತಲೆಗಿಲೆ ಕೆಟ್ಟಿದೆಯಾ? ಯಾರಿಗೆ ಗೊತ್ತಿದೆ? ನಮ್ಮ ಮೂರು ಜನಕ್ಕೆ. ಬಾಯ್ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗುತ್ತೆ? ನಿಮ್ಮ ಮನೇನೂ ಇದೇ ಏರಿ ಕೆಳಗೇ ಇದೆ ಅಲ್ವಾ!"

"ಗಡಿಕುಲದೋರು ಮುಳುಗಿದ್ದು ಹೆಣದ ಹೆಬ್ಬೆಟ್ಟಿಂದ ಕಣವ್ವಾ. ಇವತ್ತು ನಾವು ಸತ್ತೋರ ಮಾತಲ್ಲಿ ಕೆರೆ ಉಳಿಸ್ಕೊಂಡ್ರೆ, ನಾಳೆ ಇನ್ನೊಬ್ಬ ಬಂದು ಸತ್ತೋರ ಮಾತಲ್ಲೇ ಕೆರೆ ಕಿತ್ಕೊಳ್ತಾನೆ. ಆಗ ಬೇಡ ಅನ್ನೋಕೆ ನಮಗೆ ಯಾವ ಮುಖ ಇರುತ್ತೆ?"

"ನಾಳೆದು ನಾಳೆ ನೋಡ್ಕೊಳೋಣ! ಮಕ್ಕಳು ಮರಿ ಎಲ್ಲಿಗೆ ಹೋಗ್ಬೇಕು?"

ನಾನು ಅವರ ಅಂಗಿ ಹಿಡಿದು ಎಳೆದೆ. ಕಾಲಿಗೂ ಬಿದ್ದೆ. ಅಕ್ಕನ ಕಡೆ ನೋಡಿದೆ, ಅವಳು ತಲೆ ಎತ್ತಲಿಲ್ಲ. ಅವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೋದರು.

ಶ್ರೀನಿವಾಸಯ್ಯ ಅವರಿಗೆ ಹಾರ ಹಾಕಿದನಂತೆ. ಇಂಥ ಸತ್ಯವಂತರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದನಂತೆ. ಅದೇ ಉಸಿರಿನಲ್ಲಿ ಸಿದ್ದಮ್ಮ ಆಡಿದ್ದು ಸತ್ತವರ ಮಾತು, ಅಂದರೆ ನಮ್ಮ ಬಾಯಿ ಸಭೆಯಲ್ಲಿ ಮಾತಾಡಿಲ್ಲ, ಹಾಗಾಗಿ ಕೆರೆ ಒಡೆಯಲು ತೂಬಿನ ಕುಲದ ಒಪ್ಪಿಗೆ ಇದೆ ಎಂದು ಬರೆಸಿದ. ಅಷ್ಟಕ್ಕೇ ಬಿಡಲಿಲ್ಲ ಮುಂಡೇಗಂಡ. ಸಭೆಯ ಮುಂದೆ ಸತ್ತವರ ಮಾತು ಆಡಿಸಿದ ಕುಲಕ್ಕೆ ಪೀಠ ಯಾಕೆ ಎಂದು ಕೇಳಿದ. ಮಾರನೇ ದಿನ ಪೀಠವನ್ನೂ ತೆಗೆದುಹಾಕಿದರು. ಊರು ಹುಟ್ಟಿದಾಗಿನಿಂದ ಇದ್ದದ್ದು, ಮಧ್ಯಾಹ್ನದ ಕಾಫಿಗೆ ಮುಂಚೆ ಮುಗಿದುಹೋಯಿತು.

ಮೂರನೇ ದಿನ ಕೆರೆಯ ಏರಿಯನ್ನು ಕೇರಿಯಿಂದಾಚೆ ತುದಿಯಲ್ಲಿ ಒಡೆದರು. ನೀರು ಹೋಗುವ ಸದ್ದು ಮನೆಯೊಳಗೂ ಕೇಳುತ್ತಿತ್ತು. ಕೆಡವಬೇಕಾದ ಮನೆಗಳೆಂದು ಕೇರಿಯ ಗೋಡೆಗಳ ಮೇಲೆಲ್ಲ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದರು. ಅವತ್ತೇ ಅಕ್ಕ ಮಾತು ತೆಗೆಯುವ ದಿನ. ಜನ ಬಾಗಿಲಲ್ಲಿ ಸೇರಿದ್ದರು. ಬೈರಪ್ಪನವರೂ ಬಂದು, ಎಲ್ಲರಿಗಿಂತ ಹಿಂದೆ, ಬಿಸಿಲಿನಲ್ಲಿ ನಿಂತಿದ್ದರು. ಅಕ್ಕ ಅವರಿಗೆ ಶಾಪ ಹಾಕಲಿ, ಹಿಡಿದು ಉಗಿಯಲಿ ಎಂದು ನಾನು ಕಾಯುತ್ತಿದ್ದೆ. ಅವರೂ ಅದಕ್ಕೇ ಬಂದಿದ್ದರು ಅನ್ನಿಸುತ್ತದೆ.

ಅಕ್ಕ ಬಾಯಿ ಮುಕ್ಕಳಿಸಿ ಎದ್ದು ಹೊಸ್ತಿಲಿಗೆ ಬಂದಳು. ಜನ ದಾರಿ ಬಿಟ್ಟರು.

"ಬೈರಣ್ಣ, ನೀವು ಮಾಡಿದ್ದು ಸರಿ. ಅವರು ಇದ್ದಿದ್ರೂ ಅದನ್ನೇ ಮಾಡ್ತಿದ್ರು," ಎಂದಳು. ಮೂರು ದಿನ ಆಡದ ಗಂಟಲು ಒಡೆದಿತ್ತು. "ಇನ್ಮೇಲೆ ಮಾತ್ರ ನನ್ನ ಕಣ್ಣಿಗೆ ಬೀಳ್ಬೇಡಿ."

ಬೈರಪ್ಪನವರು ಆಗಲಿ ಎಂಬಂತೆ ತಲೆಯಾಡಿಸಿದರು. ತಿರುಗಿ ತಮ್ಮ ಮನೆಯ ಕಡೆ ಹೊರಟರು. ಅದರ ಗೋಡೆಗೂ ಕೆಂಪು ಗುರುತು ಹಾಕಿದ್ದರು.