ನೀರು ದಾಟಿಸಿದ ನಾಯಿ

ಥೂ, ಆ ದ್ವೀಪದ ನಾತ ಇನ್ನೂ ನನ್ನ ಮೂಗಿನಿಂದ ಹೋಗಿಲ್ಲ. ಯಾರೂ ವಾಸವಿಲ್ಲ, ದೋಣಿಯಲ್ಲೇ ಹೋಗಬೇಕು, ಸ್ವರ್ಗದ ಹಾಗಿದೆಯಂತೆ ಎಂದು ನನ್ನ ಗಂಡ ಉಮೇಶ ಬಾಣಾವರದಿಂದ ಹೊರಟಾಗಿನಿಂದ ಒಂದೇ ಸಮನೆ ಹೇಳುತ್ತಿದ್ದ. ಮರ್ಯಾದೆ ಕೊಟ್ಟು 'ಅವರು' ಅನ್ನಲು ಈಗ ನನಗೆ ಬಾಯಿ ಬರುವುದಿಲ್ಲ. "ಕರಿಯನೂ ಬರ್ಲಿ ಕಣೇ, ಅದೂ ಸಮುದ್ರ ನೋಡ್ಲಿ" ಅಂದಾಗ ಎಷ್ಟು ಖುಷಿಪಟ್ಟೆ! ನಮ್ಮ ನಾಯಿ ಕರಿಯ ಪಕ್ಕದ ತೋಟದ ಕೋಳಿಗಳನ್ನು ಹಿಡಿದಾಗಿನಿಂದ ಅದನ್ನು ಕಂಡರೆ ಉರಿದುಬೀಳುತ್ತಿದ್ದವನು ಮನಸ್ಸು ಬದಲಾಯಿಸಿದ ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ದೋಣಿ ಇಳಿದರೆ ಮರಳಿನ ತುಂಬ ಪ್ಲಾಸ್ಟಿಕ್ ಬಾಟಲಿ, ಹರಿದ ಚಪ್ಪಲಿ, ಕೊಳೆತ ಮೀನು. ಬಂಡೆಯೊಂದರ ಹಿಂದೆ ನೊಣಗಳು ಗುಂಯ್‌ಗುಡುತ್ತಿದ್ದವು. ಇಣುಕಿದೆ. ಸತ್ತ ನಾಯಿ, ಕೊರಳಲ್ಲಿ ಇನ್ನೂ ಗೆಜ್ಜೆ. ಬೆಳಗಿನ ಇಡ್ಲಿಯೆಲ್ಲ ಹೊರಗೆ ಬಂತು. ಬಾಯಿ ಒರೆಸಿಕೊಂಡು ನೋಡುತ್ತೇನೆ, ಪೊದೆಗಳಿಂದ ಐದಾರು ನಾಯಿಗಳು ಬಂದು ನಿಂತಿವೆ. ಮೂಳೆ ಚಕ್ಕಳ, ಮೈತುಂಬ ಕಜ್ಜಿ.

"ಯಾರೂ ಇಲ್ದಿರೋ ಜಾಗಕ್ಕೆ ಇವು ಹೆಂಗೆ ಬಂದ್ವು?" ದೋಣಿಯವರನ್ನು ಕೇಳಿದೆ.

"ತಂದು ಬಿಟ್ಟು ಹೋಗ್ತಾರಲ್ಲ ಅಮ್ಮ. ನೀರು ದಾಟಿಸಿದ್ರೆ ವಾಪಸ್ ಬರುದಿಲ್ಲ ಅಂತ." ಅವರು ನನ್ನ ಗಂಡನ ಕಡೆ ನೋಡಿದರು.

ನಾನೂ ತಿರುಗಿದೆ. ಉಮೇಶ ಕುಕ್ಕರುಗಾಲಲ್ಲಿ ಕೂತು ಕರಿಯನ ಬೆಲ್ಟ್ ಬಿಚ್ಚುತ್ತಿದ್ದ. ಮರಳಿನ ಮೇಲೆ ಒಂದು ಪ್ಯಾಕೆಟ್ ಬಿಸ್ಕತ್ತು ಸುರಿದಿದ್ದ.

"ಏನ್ರೀ ಮಾಡ್ತಿದ್ದೀರಾ?"

"ಇನ್ನೇನೇ ಮಾಡ್ಲಿ? ಕಣಕಟ್ಟೇಲಿ ಬಿಟ್ಟೆ, ಬಂತು. ಬಸ್ತಿಹಳ್ಳೀಲಿ ಬಿಟ್ಟೆ, ನಾಕು ದಿನಕ್ಕೆ ಅಲ್ಲಿಂದಾನೂ ಬಂತು."

ಎಲ್ಲೋ ಅಲೆದು ಬಂದಿದೆ ಪಾಪ ಎಂದು ಅದರ ಒಡೆದ ಪಾದಗಳಿಗೆ ನಾನು ಅರಿಶಿನ ಹಚ್ಚುವಾಗ ಈ ಮನುಷ್ಯ ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದ! ಅವನ ಕೈ ನೋಡಿದರೇ ಅಸಹ್ಯವಾಯಿತು. ಹನ್ನೊಂದು ವರ್ಷ ಆ ಕೈಗೇ ತಟ್ಟೆ ಕೊಟ್ಟಿದ್ದೇನೆ.

"ಥೂ, ನಿಮ್ ಜನ್ಮಕ್ಕಿಷ್ಟು! ಮುಟ್ಬೇಡಿ ಅದನ್ನ."

ಕರಿಯನನ್ನು ಎತ್ತಿ ಎದೆಗೆ ಅವಚಿಕೊಂಡು ದೋಣಿ ಹತ್ತಿದೆ. ಉಮೇಶ ತಲೆ ತಗ್ಗಿಸಿ ಹಿಂದೆಯೇ ಹತ್ತಿ ಒಂದು ಮೂಲೆ ಹಿಡಿದ. ಎಂಜಿನ್ ಸದ್ದಾದದ್ದೇ ತಡ, ಆ ನಾಯಿಗಳೂ ನೀರಿಗಿಳಿದವು. ಮೊಣಕಾಲುದ್ದದ ನೀರಿನಲ್ಲಿ ನಿಂತು, ಒಂದೂ ಬೊಗಳದೆ, ಬಾಲ ಅಲ್ಲಾಡಿಸುತ್ತ ನನ್ನನ್ನೇ ನೋಡಿದವು.

"ಅಣ್ಣಾ, ಇವನ್ನೂ..." ಅಂದೆ.

"ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಅಮ್ಮ? ನಿಮ್ಮ ಮನೆಗಾ?"

ನಾನು ಸಾರಿಸಿ ರಂಗೋಲಿ ಇಟ್ಟ ನಮ್ಮ ಅಂಗಳ ನೆನಪಾಯಿತು. ಅದರಲ್ಲಿ ಈ ಕಜ್ಜಿ ನಾಯಿಗಳು ಮಲಗಿರುವುದನ್ನು ನೆನೆದೇ ಮೈ ಜುಮ್ಮೆಂದಿತು.

"ಹೊರಡಿ" ಅಂದೆ.

ಉಮೇಶ ತಲೆ ಎತ್ತಿ ನನ್ನನ್ನು ನೋಡಿದ. ನಾನು ಮುಖ ತಿರುಗಿಸಿಕೊಂಡೆ.