ಮೂರು ಕಾಲಿನ ಹುಂಜ

ಪೆತ್ರೊನಿಲಾ ಆ ಮಾತನ್ನು ಬಾಯಿತಪ್ಪಿ ಹೇಳಿದ್ದಲ್ಲ. ಅವಳ ಊರು ಅರೆಕಿಪಾದಲ್ಲಿ ಅತಿಥಿ ಏನನ್ನೇ ಮೆಚ್ಚಿದರೂ ಮನೆಯವರು ‘ಇದು ನಿಮ್ಮದೇ’ ಅನ್ನಬೇಕು. ಅತಿಥಿ ‘ಇರಬೇಕಾದವರ ಕೈಯಲ್ಲೇ ಇದೆ’ ಎಂದು ಅದನ್ನು ಅಲ್ಲೇ ಬಿಡಬೇಕು. ಹೀಗೆ ಬಿಷಪ್ಪರ ಕುದುರೆ ದಿನಕ್ಕೆ ಹತ್ತು ಜನರದಾಗಿ, ಸಂಜೆಗೆ ಬಿಷಪ್ಪರ ಲಾಯದಲ್ಲೇ ಹುಲ್ಲು ತಿನ್ನುತ್ತಿತ್ತು.

ಅವಳ ಮನೆಯಲ್ಲಿ ಇಳಿದುಕೊಂಡಿದ್ದ ಫ್ರೆಂಚ್ ಪ್ರವಾಸಿ ದೆಲಾರ್, ಕಷಾಯ ಕುಡಿದ ಸೋರೆಬುರುಡೆಯ ಬಟ್ಟಲನ್ನು ತಿರುಗಿಸಿ, ಅದರ ಮೇಲಿನ ಕೆತ್ತನೆ ನೋಡಿ, ‘ಎಷ್ಟು ಚೆನ್ನಾಗಿದೆ ಈ ಹುಂಜ’ ಅಂದ.

‘ಇದು ನಿಮ್ಮದೇ ಸ್ವಾಮಿ.’

ಅವನು ಎದ್ದು, ನೆಲ ಮುಟ್ಟುವಂತೆ ಬಾಗಿ, ಬಟ್ಟಲನ್ನು ಕೋಟಿನ ಜೇಬಿಗೆ ಇಳಿಸಿದ.

ಆ ಹುಂಜವನ್ನು ಮಗಳು ಉಬಾಲ್ದಾ ಜ್ವರದಲ್ಲಿ ಮಲಗಿದ್ದಲ್ಲೇ ಚಾಕುವಿನ ಮೊನೆಯಿಂದ ಕೆತ್ತಿದ್ದಳು. ‘ಒಂದು ಕಾಲು ಜಾಸ್ತಿ ಆಯ್ತಲ್ಲೇ’ ಅಂದರೆ, ‘ಇರ್ಲಿ ಬಿಡಮ್ಮ, ಒಂದು ಮುರಿದ್ರೂ ಓಡುತ್ತೆ’ ಅಂದಿದ್ದಳು. ಆ ವಾರವನ್ನು ಅವಳು ದಾಟಲಿಲ್ಲ.

‘ನಾನು ಹೋಗಿ ವಾಪಸ್ ಕೇಳ್ಲಾ ಅತ್ತಿಗೆ?’ ಅಂದ ಆ ರಾತ್ರಿ ಮೈದುನ ಕಸಿಮಿರೊ. ಮರುದಿನ ದೆಲಾರನನ್ನು ಹೇಸರಗತ್ತೆಗಳ ಮೇಲೆ ಬಂದರಿಗೆ ಮುಟ್ಟಿಸಬೇಕಾದವನು ಅವನೇ. ‘ಒಂದೇ ಮಾತು. ಅವನ ವಿಗ್ಗು ಒಂದ್ಕಡೆ, ಅವನೊಂದ್ಕಡೆ.’

‘ಬೇಡ್ವೋ. ಮಾತು ಕೊಟ್ಟಾಗಿದೆ.’

‘ನೀನು ಕೊಟ್ಟಿದ್ದು ಮಾತು. ಅವನ್ಯಾಕೆ ಬಟ್ಟಲು ತಗೊಂಡ?’

ಬೆಳಿಗ್ಗೆ ದೆಲಾರ್ ಪೆಟ್ಟಿಗೆ ತುಂಬುವಾಗ ಅವಳೇ ಬಾಗಿಲಲ್ಲಿ ನಿಂತಳು.

‘ಸ್ವಾಮಿ, ಆ ಬಟ್ಟಲು... ದಾರೀಲಿ ಒಡೆದ್ರೆ ಕಷ್ಟ. ಇಲ್ಲೇ ಇದ್ದಿದ್ರೆ...’

‘ಜೋಪಾನ ಮಾಡ್ತೀನಮ್ಮ. ನಿಮ್ಮ ಬಗ್ಗೆ ಬರೆದಿದೀನಿ, ಕೇಳಿ.’ ಅವನು ತನ್ನ ಪುಸ್ತಕ ಬಿಡಿಸಿ ಓದಿದ: ‘ಈ ದೇಶದವರಿಗೆ ಯಾವ ವಸ್ತುವಿನ ಮೇಲೂ ಮೋಹವಿಲ್ಲ. ಕೇಳುವ ಮೊದಲೇ ಕೊಡುತ್ತಾರೆ. ಕೊಟ್ಟ ಮರುಗಳಿಗೆ ಮರೆಯುತ್ತಾರೆ.’ ಮಗುವಿನ ಹಾಗೆ ಮುಖ ಅರಳಿಸಿ ತಲೆಯೆತ್ತಿದ. ‘ಸರಿಯಾಗಿದೆಯಾ?’



‘ಹುಂಜಕ್ಕೆ ಮೂರು ಕಾಲಿದೆ ಸ್ವಾಮಿ. ಅದನ್ನೂ ಬರ್ಕೊಳ್ಳಿ.’

‘ಹೌದಾ? ನಾನು ನೋಡೇ ಇರ್ಲಿಲ್ಲ.’

ಪೆತ್ರೊನಿಲಾ ಒಳಗೆ ಹೋಗಿ ಉಬಾಲ್ದಾಳ ಉಣ್ಣೆಯ ಶಾಲು ತಂದಳು. ಬಟ್ಟಲನ್ನು ಇಸಿದುಕೊಂಡು, ಹುಂಜದ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, ಕೂಸಿಗೆ ಸುತ್ತುವಂತೆ ಸುತ್ತಿ, ಅವನ ಪೆಟ್ಟಿಗೆಯೊಳಗೆ ಇಟ್ಟಳು.

ಅಂಗಳದಲ್ಲಿ ಹಗ್ಗ ಬಿಗಿಯುತ್ತಿದ್ದ ಕಸಿಮಿರೊ ದನಿ ತಗ್ಗಿಸಿದ. ‘ಘಾಟಿಯಲ್ಲಿ ಪೆಟ್ಟಿಗೆ ಬೀಳಿಸ್ಲಾ ಅತ್ತಿಗೆ? ಬಟ್ಟಲು ಎತ್ಕೊಂಡು ಬರ್ತೀನಿ.’

‘ಬೇಡಪ್ಪ, ಒಡೆದು ಹೋಗುತ್ತೆ,’ ಅಂದಳು. ‘ಮೆಲ್ಲಗೆ ನಡೆಸು.’